ಬಾರಿಸದೆ ಬಿಟ್ಟ ಆರನೆಯ ಸ್ವರ

"ಫೋನಿನ ಜೊತೆಯಲ್ಲೇ ಬಾರಿಸಿ," ಎಂದೆ. "ಅದು ಎಷ್ಟು ನಿಧಾನವೋ ನೀವೂ ಅಷ್ಟೇ ನಿಧಾನ."

ಬಾಗಸ್ಕಾರ ನನ್ನ ಮುಖ ನೋಡಲಿಲ್ಲ. ಗೆಂಡೇರ್ ವಾದ್ಯದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಎರಡು ಕೈಯಲ್ಲೂ ಬಟ್ಟೆ ಸುತ್ತಿದ ಕೋಲು ಹಿಡಿದು, ದಾರದ ಮೇಲೆ ಸಾಲಾಗಿ ತೂಗುತ್ತಿದ್ದ ಕಂಚಿನ ಪಟ್ಟಿಗಳನ್ನೇ ದಿಟ್ಟಿಸುತ್ತಿದ್ದ. ಅವುಗಳಲ್ಲಿ ಯಾವುದೋ ಒಂದು ತನ್ನನ್ನು ಕಚ್ಚೀತು ಎನ್ನುವ ಹಾಗೆ.

"ಇದೇನು ಬೂ, ಪರೀಕ್ಷೆನಾ?" ಬೂ, ಅಂದರೆ ಅಮ್ಮಾ ಎನ್ನುವ ಮರ್ಯಾದೆ ಬಿಡದೆ ನಗಲು ನೋಡಿದ. "ಯೂರೋಪಿನಲ್ಲಿ ಪಾಠ ಹೇಳಿಕೊಟ್ಟು ಬಂದೋನಿಗೆ ಪೊಲೀಸ್ ಪರೀಕ್ಷೆ!"

"ಪಾಸಾಗೋದು ಸುಲಭ. ಬಾರಿಸಿ."

ನನ್ನ ಅಂಗೈಯಲ್ಲಿದ್ದ ಫೋನಿನೊಳಗೆ ಏಯಾಂಗ್ ಪ್ರವಿರೊ ಬಾರಿಸುತ್ತಿದ್ದರು. ಸೋಲೋ ನಗರದ ಅತಿ ಹಿರಿಯ ವಾದಕ, ಊರಿಗೆಲ್ಲ ಅಜ್ಜ, ಸೋಮವಾರದಿಂದ ಕಾಣೆ. ಈ ಧ್ವನಿಮುದ್ರಣವನ್ನು ಠಾಣೆಗೆ ತಂದುಕೊಟ್ಟವನು ಅವರ ಶಿಷ್ಯ ಬಾಗಸ್ಕಾರನೇ. ಸೋಮವಾರ ಸಂಜೆ ಇದೇ ಪೆಂಡೊಪೊದಲ್ಲಿ, ಈ ಕಂಬಗಳ ತೆರೆದ ಮಂಟಪದಲ್ಲಿ, ಇದೇ ಗೆಂಡೇರ್ ಮೇಲೆ ಗುರುಗಳು ಬಾರಿಸಿದ್ದು. ತಾನು ಹೊರಟಾಗ ಅವರ ಪಕ್ಕದಲ್ಲಿದ್ದವನು ಮದ್ದಳೆಯ ಜತ್ಮಿಕೊ ಒಬ್ಬನೇ. ಹಾಗೆಂದು ಹೇಳಿಕೆ ಕೊಟ್ಟಿದ್ದ.

ಆ ಹೇಳಿಕೆಗೆ ಇನ್ನೊಂದು ಸೇರಿಕೊಂಡಿತು. ಜತ್ಮಿಕೊನ ಬೈಕಿನ ಸೀಟಿನಡಿ ಅಜ್ಜನ ಬಾಟಿಕ್ ರುಮಾಲು ಸಿಕ್ಕಿತು, ರಕ್ತದಲ್ಲಿ ನೆನೆದು ಒಣಗಿದ್ದು. ರಕ್ತ ಯಾರದೆಂದು ಲ್ಯಾಬು ಹೇಳುವುದಕ್ಕೆ ಇನ್ನೂ ಕಾಲವಿತ್ತು. ನಮ್ಮ ಸಾಹೇಬರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಬ್ಯಾಂಕಾಕಿನ ವಾದ್ಯದವರು, ಹುಯೆ ಅರಮನೆಯ ಓಲಗದವರು, ಬುಡಾಪೆಸ್ಟಿನ ನಾಲ್ವರು ಪಿಟೀಲಿನವರು ಸಂಗೀತೋತ್ಸವಕ್ಕೆಂದು ಊರು ತುಂಬಿಕೊಂಡಿರುವಾಗ ಕೊಲೆಗಾರನೊಬ್ಬ ಸಿಕ್ಕಿಬಿಟ್ಟರೆ ಉತ್ಸವಕ್ಕೂ ಇಲಾಖೆಗೂ ಮಾನ. ಇವತ್ತು ಮಧ್ಯಾಹ್ನದ ನಮಾಜಿನ ಕರೆ ಕೇಳುವ ಹೊತ್ತಿಗೆ ಜತ್ಮಿಕೊನನ್ನು ಪ್ರಾಂತದ ರಾಜಧಾನಿ ಸೆಮರಾಂಗಿಗೆ ಸಾಗಿಸಬೇಕೆಂದು ಹುಕುಂ ಆಗಿತ್ತು. ಅಲ್ಲಿಗೆ ಹೋದ ಮೇಲೆ ಅವನ ಮೇಲೆ ಬೀಳುವ ಆರೋಪ ಕೊಲೆಯದ್ದು. ಅಲ್ಲಿಂದ ವಾಪಸು ಬರುವ ದಾರಿ ಉದ್ದ.

ನನ್ನ ಬಳಿ ಇದ್ದದ್ದು ಒಂದು ಬೆಳಗ್ಗೆ, ಒಂದು ಅನುಮಾನ.

ಬಾಗಸ್ಕಾರ ಶುರು ಮಾಡಿದ.

ನಿಜವಾಗಿ ಒಳ್ಳೆಯ ವಾದಕ. ಫೋನಿನ ಅಜ್ಜನೂ ಎದುರಿನ ಶಿಷ್ಯನೂ ಒಂದೇ ಉಸಿರಿನಲ್ಲಿ ಹೋದರು. ತಾಲೀಮು ನಿಲ್ಲಿಸಿ ತಮ್ಮ ತಮ್ಮ ವಾದ್ಯಗಳ ಹಿಂದೆ ಕೂತಿದ್ದ ಜಪಾನಿನ ಒಸಾಕಾ ತಂಡದವರು ಕಣ್ಣು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ನಾನು ಅವನ ಬಲಗೈಯನ್ನೇ ನೋಡುತ್ತಿದ್ದೆ.

ಆರನೆಯ ಸ್ವರ ಬರುವ ಜಾಗ ಬಂತು. ನಾವು ಅದನ್ನು ನೆಮ್ ಅನ್ನುತ್ತೇವೆ. ಫೋನಿನಲ್ಲಿ ಅಜ್ಜ ಅದನ್ನು ಹೊಡೆದರು. ಬಾಗಸ್ಕಾರನ ಕೋಲು ಆ ಪಟ್ಟಿಯ ಮೇಲಕ್ಕೆ ಬಂದು, ಕೂದಲೆಳೆಯಷ್ಟು ತಡೆದು, ಪಕ್ಕದ ಐದಕ್ಕೆ ಜಾರಿಕೊಂಡಿತು. ಚಂದವಾಗಿಯೇ ಜಾರಿತು. ಗೊತ್ತಿಲ್ಲದವರು ಅದನ್ನು ಅಲಂಕಾರ ಅಂದುಕೊಳ್ಳಬೇಕು.

ಎರಡನೆಯ ಸಲ ಬಂತು. ಮತ್ತೆ ಜಾರಿತು.

ಮೂರನೆಯ ಸಲ ಅವನು ಆ ಜಾಗದಲ್ಲಿ ಏನನ್ನೂ ಬಾರಿಸಲಿಲ್ಲ.

"ನಿಲ್ಲಿಸಿ," ಎಂದೆ. "ನೆಮ್ ಯಾಕೆ ಬಿಟ್ರಿ ಮಾಸ್?"

"ಬಿಟ್ನಾ?"

"ಮೂರು ಸಲ."

"ಅದು ನನ್ನ ಶೈಲಿ."

"ಶೈಲಿನಾ? ಕೊಡಿ ಇಲ್ಲಿ."

ಕೋಲು ಕಿತ್ತುಕೊಂಡೆ. ಫೋನನ್ನು ಹಿಂದಕ್ಕೆ ಓಡಿಸಿ, ಅಜ್ಜನ ನೆಮ್ ಬರುವ ಗಳಿಗೆಗೆ ಸರಿಯಾಗಿ ಎದುರಿನ ನೆಮ್ ಮೇಲೆ ಹೊಡೆದೆ.

ವಂಯ್, ವಂಯ್, ವಂಯ್. ಎರಡು ಸ್ವರ ಒಂದನ್ನೊಂದು ತಳ್ಳಾಡುತ್ತ ಕಂಬಗಳ ನಡುವೆ ತೂಗಿದವು. ಒಸಾಕಾ ತಂಡದ ಒಬ್ಬ ಹುಡುಗಿ ಹಲ್ಲುನೋವು ಬಂದವಳಂತೆ ದವಡೆ ಹಿಡಿದುಕೊಂಡಳು.

ಬಾಗಸ್ಕಾರನ ಮುಖ ಬಿಳಿಚಿತು. ಪಾಪ, ಅವನ ಕಿವಿ ಅವನನ್ನು ಹಿಡಿದುಕೊಟ್ಟಿತ್ತು. ಸಂಗೀತ ಬಾರದ ಕಳ್ಳನಾಗಿದ್ದರೆ ಧೈರ್ಯವಾಗಿ ಅದರ ಮೇಲೇ ಹೊಡೆದು ಬಚಾವಾಗುತ್ತಿದ್ದ. ಇವನಿಗೆ ಆ ಅಪಶ್ರುತಿ ತಡೆದುಕೊಳ್ಳಲು ಆಗಲಿಲ್ಲ.

"ಒಂದು ಗಮೆಲಾನ್ ಇದ್ದ ಹಾಗೆ ಇನ್ನೊಂದಿಲ್ಲ," ಎಂದೆ. ಗಮೆಲಾನ್ ಅಂದರೆ ಒಟ್ಟಿಗೇ ಶ್ರುತಿಗೂಡಿಸಿದ ಕಂಚಿನ ವಾದ್ಯಗಳ ಮೇಳ; ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಆದರೂ ಠಾಣೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಪ್ರತಿಯೊಂದಕ್ಕೂ ಅದರದೇ ಶ್ರುತಿ. ಇಲ್ಲಿರೋದರ ಪಟ್ಟಿ ಕಿತ್ತು ಅಲ್ಲಿಗೆ ಹಾಕೋಕಾಗಲ್ಲ. ಫೋನಿನಲ್ಲಿರೋದು ಈ ಗೆಂಡೇರ್ ಅಲ್ಲ ಮಾಸ್. ಏಯಾಂಗ್ ಇದನ್ನ ಬಾರಿಸಿದ್ದು ಈ ಪೆಂಡೊಪೊದಲ್ಲಲ್ಲ. ನೀವು ಪೊಲೀಸರಿಗೆ ಸುಳ್ಳು ಹೇಳಿದ್ದೀರಿ."

"ಪೊಲೀಸ್ ಕಿವಿಗೆ ಇಷ್ಟೆಲ್ಲ ಕೇಳುತ್ತೆ ಅಂತ ಯಾರಿಗೆ ಗೊತ್ತಿತ್ತು," ಎಂದು ಅವನು ತನಗೆ ತಾನೇ ಅಂದುಕೊಂಡ.

ನನ್ನ ಕಿವಿ ಪೊಲೀಸರದಲ್ಲ, ಅಮ್ಮನದು. ಅಮ್ಮ ಗಮೆಲಾನ್ ಜೊತೆ ಹಾಡುತ್ತಿದ್ದವಳು. ಯಾವ ಮೇಳದೊಂದಿಗೆ ಹಾಡಿದಳೋ ಅದರ ಶ್ರುತಿ ಒಂದೆರಡು ದಿನ ಅವಳ ಗಂಟಲಿನಿಂದ ಇಳಿಯುತ್ತಿರಲಿಲ್ಲ. ಅವುಗಳಲ್ಲಿ ಒಂದರ ಜೊತೆ ಹಾಡಿಬಂದ ದಿನವಂತೂ ಮೊಟ್ಟೆ ಬೇಯಿಸುವಾಗಲೂ ನೆಮ್ ಅನ್ನು ತಗ್ಗಿಸಿಯೇ ಗುನುಗುತ್ತಿದ್ದಳು. ಬಾವಿಯೊಳಗೆ ಬಗ್ಗಿ ಹಾಡಿದ ಹಾಗೆ. ಕ್ಯಾಯಿ ತೀರ್ತೊ ಎಂದು ಆ ಗಮೆಲಾನಿನ ಹೆಸರು.

ಈ ಮುದ್ರಣ ಕೇಳಿದಾಗ ನನಗೆ ಬೇಯುವ ಮೊಟ್ಟೆಯ ನೆನಪು ಬಂದಿತ್ತು. ಅಷ್ಟೇ ನನ್ನ ಅನುಮಾನದ ಬುಡ.

"ಏನಿದು, ಬೆಳಗ್ಗೆ ಬೆಳಗ್ಗೆ ನಮ್ಮ ಅತಿಥಿಗಳಿಗೆ ಪೊಲೀಸ್ ಕಛೇರಿನಾ?"

ಉತ್ಸವದ ನಿರ್ದೇಶಕ ಪಾಕ್ ವಿದಾಗ್ದೊ ಕಂಬದ ಪಕ್ಕ ನಿಂತಿದ್ದರು. ಯಾವಾಗ ಬಂದರೋ. ಇಸ್ತ್ರಿ ಮುರಿಯದ ಬಾಟಿಕ್ ಅಂಗಿ, ಲವಂಗದ ಸಿಗರೇಟಿನ ವಾಸನೆ, ಎಡಗೈಗೆ ಬೆರಳು ಮುಚ್ಚುವಷ್ಟು ಬ್ಯಾಂಡೇಜು.

"ಕೈಗೇನಾಯ್ತು ಪಾಕ್?"

"ದುರಿಯನ್ ಬೂ, ದುರಿಯನ್. ಮನೇಲಿ ಹೆಂಡ್ತಿ ಎದುರು ಶೂರನ ಹಾಗೆ ಬಿಚ್ಚೋಕೆ ಹೋದೆ. ಮುಳ್ಳಿನ ಹಣ್ಣು ಗೆಲ್ತು." ನಕ್ಕರು. ನನ್ನ ಜೊತೆ ಬಂದಿದ್ದ ಪೇದೆ ಪ್ರಸೋಜೊ ಕೂಡ ಮರ್ಯಾದೆಗೆ ನಕ್ಕ. "ಬೇಗ ಮುಗಿಸಿ. ಶನಿವಾರ ರಾತ್ರಿ ಕೊನೇ ಕಛೇರಿ. ಕೊನೇ ಕೃತಿ ಬತ್ತಿದ ಬಾವಿ. ಏಯಾಂಗ್ ಇಲ್ಲದೆ ಅದನ್ನ ಹೇಗೆ ನುಡಿಸೋದು ಅಂತ ನನ್ನ ತಲೆ ಕೆಟ್ಟುಹೋಗಿದೆ."

ತಲೆ ಕೆಡುವ ವಿಷಯವೇ. ಬತ್ತಿದ ಬಾವಿ ಎಂಬ ಹಳೆಯ ಕೃತಿಯ ಮೊದಲೂ ಕೊನೆಯೂ ಎಲ್ಲರಿಗೆ ಬರುತ್ತದೆ. ನಡುವಿನ ಭಾಗ ಇಬ್ಬರಿಗೆ ಮಾತ್ರ. ಸ್ವರ ಏಯಾಂಗ್ ಪ್ರವಿರೊ ಕೈಯಲ್ಲಿ, ಮದ್ದಳೆ ಜತ್ಮಿಕೊನ ಕೈಯಲ್ಲಿ. ಯಾರೂ ಎಲ್ಲೂ ಬರೆದಿಟ್ಟಿಲ್ಲ. ಉತ್ಸವದಲ್ಲಿ ಆ ಭಾಗವನ್ನು ಹಿಡಿದುಕೊಳ್ಳಲೆಂದೇ ಹೊರದೇಶದ ಧ್ವನಿಮುದ್ರಣ ಸಂಸ್ಥೆಯವರು ಹೋಟೆಲಿನಲ್ಲಿ ಕಾಯುತ್ತಿದ್ದರು. ವಿದಾಗ್ದೊ ಮಾತು ಕೊಟ್ಟಿದ್ದರು. ಅಜ್ಜ ಕೊಟ್ಟಿರಲಿಲ್ಲ. ಮೊದಲೂ ಕೊನೆಯೂ ನುಡಿಸುತ್ತೇನೆ, ನಡು ಬೇಡ ಎಂದೇ ಒಸಾಕಾದವರಿಗೆ ಪಾಠ ಹೇಳುತ್ತಿದ್ದರು.

ಬಾಗಸ್ಕಾರ ವಿದಾಗ್ದೊರನ್ನು ನೋಡಿದ. ಆಮೇಲೆ ನನ್ನನ್ನು. ತಟ್ಟನೆ ಅವನ ದನಿ ಬದಲಾಯಿತು.

"ಹಾಂ ಬೂ, ಈಗ ನೆನಪಾಯ್ತು! ಹಳೇದು. ಎಷ್ಟೋ ವರ್ಷದ ಹಿಂದಿಂದು. ಕ್ಯಾಯಿ ತೀರ್ತೊ ಇನ್ನೂ ಊರಲ್ಲಿದ್ದಾಗ ಹಿಡಿದುಕೊಂಡಿದ್ದು. ಫೋನಲ್ಲಿ ಎಲ್ಲಾ ಕಲಸುಮೇಲೋಗರ. ತಪ್ಪು ಫೈಲು ಕಳಿಸಿಬಿಟ್ಟೆ."

ಒಳ್ಳೆಯ ಸುಳ್ಳು. ಕ್ಯಾಯಿ ತೀರ್ತೊ ಅವನ ದೊಡ್ಡಮ್ಮನ ಮನೆಯದು. ಅದನ್ನು ಅವಳು ಯಾರೋ ವಿದೇಶಿಯರಿಗೆ ಮಾರಿದಳೆಂದು ಊರೆಲ್ಲ ಬೈದು ಸುಮ್ಮನಾಗಿತ್ತು. ಹಳೆಯ ಮುದ್ರಣ ಎಂದುಬಿಟ್ಟರೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆಗ ಒಸಾಕಾ ತಂಡದ ಹಿರಿಯಳು, ಬೂ ಚಿಜುರು, ಮಂಡಿಯ ಮೇಲೆ ಮುಂದೆ ಸರಿದು ತಲೆ ಬಾಗಿದಳು. ಅವಳು ನಮ್ಮ ಭಾಷೆ ಕಲಿತದ್ದು ಹಳೆಯ ಪಂಡಿತರೊಬ್ಬರಿಂದ. ಸಂತೆಯಲ್ಲಿ ಸೊಪ್ಪು ಕೊಳ್ಳುವುದಕ್ಕೂ ಆಸ್ಥಾನದ ಭಾಷೆಯೇ.

"ಕ್ಷಮಿಸಬೇಕು. ಈ ಅಲ್ಪಮತಿಗೆ ಒಂದು ವಾಕ್ಯವನ್ನು ನುಡಿಯಲು ಅಪ್ಪಣೆಯೇ?"

"ದೇವ್ರೇ," ಪ್ರಸೋಜೊ ನನ್ನ ಕಿವಿಯಲ್ಲಿ ಅಂದ, "ಇವರು ಬಾಯಿ ತೆಗೆದ್ರೆ ನಾನು ಸ್ನಾನ ಮಾಡಿ ಬರ್ಬೇಕು ಅನ್ಸುತ್ತೆ."

"ಹೇಳಿ ಬೂ ಚಿಜುರು."

"ತಾವು ಕೇಳಿಸಿದ ವಾದನದಲ್ಲಿ ದೊಡ್ಡ ಗಂಟೆಯ ಪೆಟ್ಟು ಬೀಳುವ ಸ್ಥಾನಕ್ಕೆ ಮುನ್ನ ಒಂದು ತಿರುವಿದೆ. ಭಾನುವಾರದಂದು ನಮ್ಮ ತಂಡದ ಕೆಂಜಿ ಎಂಬಾತನು ಆ ತಿರುವಿನಲ್ಲಿ ಪದೇ ಪದೇ ಹಿಂದುಳಿಯುತ್ತಿದ್ದನು. ಏಯಾಂಗರು ಕನಿಕರಿಸಿ, ಅಲ್ಲಿ ಹೊಸದಾಗಿ ಸ್ವರಗಳ ಒಂದು ಮೆಟ್ಟಿಲನ್ನು ಕಟ್ಟಿಕೊಟ್ಟರು. ಈ ವಾದನದಲ್ಲಿ ಆ ಮೆಟ್ಟಿಲಿದೆ." ಅವಳು ಇನ್ನೊಮ್ಮೆ ಬಾಗಿದಳು. "ಭಾನುವಾರಕ್ಕೆ ಮುನ್ನ ಅದು ಜಗತ್ತಿನಲ್ಲಿ ಇರಲಿಲ್ಲ."

ಹಿಂದಿನ ಸಾಲಿನಲ್ಲಿ ಕೆಂಜಿ ಎಂಬಾತನು ಕಿವಿಯವರೆಗೂ ಕೆಂಪಾಗಿ ಕೂತಿದ್ದ.

ನಾನೇ ಬಿಡಿಸಿ ಹೇಳಿದೆ. ಹೇಳಬಾರದಿತ್ತು. ಅಷ್ಟು ಜನರ ಮುಂದೆ, ಅಷ್ಟು ಗಟ್ಟಿಯಾಗಿ.

"ಅಂದ್ರೆ ಇದು ಹಳೇದಲ್ಲ. ಕ್ಯಾಯಿ ತೀರ್ತೊ ಮಾರಾಟ ಆಗಿಲ್ಲ, ಈ ಊರಲ್ಲೇ ಇದೆ. ಸೋಮವಾರ ಸಂಜೆವರೆಗೂ ಏಯಾಂಗ್ ಈ ಪೆಂಡೊಪೊ ಬಿಟ್ಟು ಕದಲಿಲ್ಲ, ಇಷ್ಟೂ ಜನ ಸಾಕ್ಷಿ. ಹಾಗಾದ್ರೆ ಇದನ್ನ ಬಾರಿಸಿದ್ದು ಆಮೇಲೆ. ಕಾಣೆಯಾದ ಮೇಲೆ. ಏಯಾಂಗ್ ಬದುಕಿದ್ದಾರೆ."

ಒಸಾಕಾದವರು ಏಕಕಾಲಕ್ಕೆ ಉಸಿರು ಬಿಟ್ಟರು. ವಿದಾಗ್ದೊ ಮಾತ್ರ ಬಿಡಲಿಲ್ಲ. "ಒಳ್ಳೇ ಸುದ್ದಿ," ಅಂದರು, "ತುಂಬಾ ಒಳ್ಳೇ ಸುದ್ದಿ." ಹೇಳುತ್ತಲೇ ಮೆಟ್ಟಿಲ ಕಡೆ ತಿರುಗಿ, ನಡುವೆ ಇದ್ದ ವಾದ್ಯವನ್ನು ಬಳಸಿಕೊಂಡು ಹೋಗದೆ, ಅದರ ಮೇಲಿನಿಂದಲೇ ಕಾಲು ದಾಟಿಸಿ ನಡೆದುಬಿಟ್ಟರು.

ವಾದ್ಯದ ಮೇಲೆ ಕಾಲು ದಾಟಿಸಿದರು! ಅಂಬೆಗಾಲಿಡುವ ಮಗುವಿಗೂ ನಾವು ಮೊದಲು ಹೇಳಿಕೊಡುವುದು ಅದನ್ನು ಮಾಡಬೇಡ ಎಂದು. ಬೂ ಚಿಜುರು ಕುಸಿದಂತೆ ಮುಂದೆ ಬಾಗಿ ಆ ವಾದ್ಯವನ್ನು ಮುಟ್ಟಿ ಹಣೆಗೆ ಕೈ ಒತ್ತಿಕೊಂಡಳು. ಅವರ ಪರವಾಗಿ ಕ್ಷಮೆ ಕೇಳುವವಳಂತೆ.

ನಾನು ಅದನ್ನು ನೋಡಿದೆ. ಆದರೆ ನನ್ನ ಗಮನವೆಲ್ಲ ಬಾಗಸ್ಕಾರನ ಮೇಲಿತ್ತು.

"ಎಲ್ಲಿದ್ದಾರೆ?"

"ಗೊತ್ತಿಲ್ಲ."

"ಜತ್ಮಿಕೊ ನಿಮ್ಮ ಜೊತೆ ಒಂದೇ ತಟ್ಟೇಲಿ ಉಂಡವನು. ಮಧ್ಯಾಹ್ನ ಅವನನ್ನ ಕರ್ಕೊಂಡು ಹೋಗ್ತಾರೆ. ಸುಳ್ಳು ಹೇಳಿಕೆ ಕೊಟ್ಟು ಅವನನ್ನ ಒಳಗೆ ಹಾಕ್ಸಿದ್ರಿ. ಎಷ್ಟು ಕೊಟ್ರು ನಿಮಗೆ?"

"ಕೊಟ್ರಾ?" ಅವನು ಎದ್ದು ನಿಂತ. ಕಣ್ಣಲ್ಲಿ ನೀರಿತ್ತು. "ನಿಮಗೇನು ಗೊತ್ತು ಬೂ? ಅವನು ನನ್ನ ತಮ್ಮ ಇದ್ದ ಹಾಗೆ. ಮೂರು ದಿನ ಸುಮ್ಮನಿರಿ. ಭಾನುವಾರ ಬೆಳಗ್ಗೆ ನಾನೇ ಬಂದು ಕೈಕೋಳ ಹಾಕಿಸ್ಕೊತೀನಿ."

"ಮೂರು ದಿನ ಇಲ್ಲ. ಒಂದು ಬೆಳಗ್ಗೆ ಇದೆ."

"ಹೇಳಲ್ಲ. ಹೊಡೀರಿ ಬೇಕಾದ್ರೆ."

ಹೊಡೆಯುವ ಅಗತ್ಯ ಬೀಳಲಿಲ್ಲ. ಫೋನನ್ನು ಕಿವಿಗೊತ್ತಿಕೊಂಡೆ. ಅಜ್ಜನ ಸ್ವರಗಳ ನಡುವಿನ ಖಾಲಿ ಜಾಗದಲ್ಲಿ ಇನ್ನೇನೋ ಇತ್ತು. ಧಪ್. ತುಸು ಬಿಡುವು. ಚುಂಯ್. ಮತ್ತೆ ಧಪ್. ತಾಮ್ರದ ಅಚ್ಚನ್ನು ಬಿಸಿ ಮೇಣದಲ್ಲಿ ಅದ್ದಿ ಬಟ್ಟೆಯ ಮೇಲೆ ಒತ್ತುವ ಸದ್ದು. ಬಾಟಿಕ್ ಅಚ್ಚಿನವರ ಸದ್ದು. ಅವನ ದೊಡ್ಡಮ್ಮ ಬುದೆ ಲಾಸ್ಮಿಯ ಕಸುಬೂ ಅದೇ, ಲವೆಯಾನ್ ಕೇರಿಯಲ್ಲಿ, ಆನೆ ಮರೆಯಾಗುವಷ್ಟು ಎತ್ತರದ ಗೋಡೆಗಳ ಹಿಂದೆ.

ನಾನು ಫೋನು ಇಳಿಸಿದೆ. ಅವನಿಗೆ ಗೊತ್ತಾಯಿತು. ನನ್ನ ಮಣಿಕಟ್ಟು ಹಿಡಿದುಕೊಂಡ.

"ಬೂ, ಹೋಗ್ಬೇಡಿ. ಕೈಮುಗೀತೀನಿ. ನೀವು ಹೋದ್ರೆ ನಿಮ್ಮ ಹಿಂದೆ ಅವರೂ ಬರ್ತಾರೆ."

"ಯಾರು?"

ಅವನು ವಿದಾಗ್ದೊ ನಿಂತಿದ್ದ ಕಂಬದ ಕಡೆ ನೋಡಿದ. ಅಲ್ಲಿ ಈಗ ಸಿಗರೇಟಿನ ವಾಸನೆ ಮಾತ್ರ ಇತ್ತು.

ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತ ಪ್ರಸೋಜೊಗೆ ಹೇಳಿದೆ: "ನೀನು ಠಾಣೆಗೆ ಹೋಗು. ಏಯಾಂಗ್ ಬದುಕಿದ್ದಾರೆ ಅಂತ ಸಾಹೇಬ್ರಿಗೆ ಹೇಳು. ನಾನು ಬರೋವರೆಗೂ ಜತ್ಮಿಕೊನ ಹೊರಗೆ ಬಿಡಬೇಡ. ಬೀಗದ ಕೈ ನುಂಗಿಬಿಡು ಬೇಕಾದ್ರೆ."

"ನುಂಗ್ತೀನಿ ಬೂ. ಬೆಳಗ್ಗೆಯಿಂದ ತಿಂಡಿನೂ ಇಲ್ಲ." ಬೈಕ್ ಏರಿದವನು ತಿರುಗಿ ನೋಡಿದ. "ಬೂ, ಒಂದು ಮಾತು. ಈಗೆಲ್ಲಿ ಸಿಗುತ್ತೆ ದುರಿಯನ್ನು?"

"ಏನು?"

"ನಮ್ಮಮ್ಮ ಮಾರೋದು ಅದನ್ನೇ ಅಲ್ವಾ. ಮಳೆಗಾಲದ ಹಣ್ಣು. ಈಗ ಊರಲ್ಲಿ ಒಂದು ಮುಳ್ಳೂ ಸಿಗಲ್ಲ."

ಅವನು ಹೊರಟುಹೋದ. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಅಲ್ಲೇ ನಿಂತಿದ್ದೆ. ಬ್ಯಾಂಡೇಜು. ರುಮಾಲಿನ ರಕ್ತ. ವಾದ್ಯ ದಾಟಿದ ಕಾಲು. ಮತ್ತು ಆ ಕೈಯವರ ಎದುರಿಗೇ ನಾನು ಸಾರಿದ ಸುದ್ದಿ.

ಕಾರು ಲವೆಯಾನಿನ ಸಂದಿಗಳಲ್ಲಿ ಎರಡೂ ಗೋಡೆಗೆ ಉಜ್ಜಿಕೊಂಡು ಹೋಯಿತು.

ಬುದೆ ಲಾಸ್ಮಿ ಅಂಗಳದ ಬಾಗಿಲಲ್ಲೇ ಅಡ್ಡ ನಿಂತಳು. ಉಟ್ಟ ಬಟ್ಟೆಗೆಲ್ಲ ಮೇಣ. ಹಿಂದೆ ಅಚ್ಚಿನವರು ಕೆಲಸ ನಿಲ್ಲಿಸಿರಲಿಲ್ಲ. ಧಪ್, ಚುಂಯ್.

"ಏನಮ್ಮ ಪೊಲೀಸು, ಬಾಟಿಕ್ ಬಟ್ಟೆ ಬೇಕಾ?"

"ಕ್ಯಾಯಿ ತೀರ್ತೊ ಬೇಕು ಬುದೆ."

"ಮಾರಿಬಿಟ್ಟೆ. ನೀನೂ ಬೈದಿದ್ದೆಯಲ್ಲ ಆಗ? ನಿನ್ನಮ್ಮ ಹಾಡಿದ ಮೇಳ ಮಾರಿಕೊಂಡ ಪಾಪಿ ಅಂದಿದ್ದೆ. ನನ್ನ ಕಿವಿಗೂ ಬಿದ್ದಿತ್ತು."

"ಬೈದಿದ್ದನ್ನ ವಾಪಸು ತಗೋತೀನಿ. ದಾರಿ ಬಿಡಿ."

"ವಾರಂಟು ಇದೆಯಾ?"

ಇರಲಿಲ್ಲ. ಅವಳಿಗೂ ಅದು ಗೊತ್ತು. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹೊತ್ತು ಜಾರುತ್ತಿತ್ತು. ದೂರದ ಮಸೀದಿಯ ಧ್ವನಿವರ್ಧಕ ಗಂಟಲು ಸರಿಮಾಡಿಕೊಳ್ಳುವ ಹಾಗೆ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು.

ಆಗ ಮನೆಯ ಹಿಂಬದಿಯಿಂದ, ನೆಲದೊಳಗಿಂದ ಬಂದ ಹಾಗೆ, ಒಂದೇ ಒಂದು ಗಂಟೆಯ ಪೆಟ್ಟು ಕೇಳಿತು. ದೊಡ್ಡ ಗಂಟೆ. ಅದು ಅಂಗಾಲಿನಿಂದ ಹತ್ತಿ ಎದೆಗೆ ಬಂತು. ಅಚ್ಚಿನವರ ಕೈಗಳೂ ತಡೆದವು.

ಬುದೆ ಲಾಸ್ಮಿ ನಿಟ್ಟುಸಿರಿಟ್ಟಳು. "ಮುದುಕನಿಗೆ ಒಂದು ಗಳಿಗೆ ಸುಮ್ಮನಿರೋಕೆ ಆಗಲ್ಲ," ಅಂದಳು. "ಹೋಗು. ಒಳಗೆ ಬಿಡು ಅಂತ ಅಪ್ಪಣೆ ಆಯ್ತಲ್ಲ."

ಮೇಣದ ಡ್ರಮ್ಮುಗಳ ಹಿಂದೆ ಒಂದು ಬಾಗಿಲು. ಬಾಗಿಲ ಹಿಂದೆ ನಾಲ್ಕು ಮೆಟ್ಟಿಲು ಕೆಳಗೆ. ಕತ್ತಲು ಕಣ್ಣಿಗೆ ಹೊಂದಿಕೊಂಡಾಗ ಕಂಚು ಮಿನುಗಿತು. ನನ್ನ ಬಾಲ್ಯವೆಲ್ಲ ಸಾಲಾಗಿ ಕೂತಿತ್ತು. ಈ ದೊಡ್ಡ ಗಂಟೆಯ ಹಿಂದೆಯೇ ನಾನು ಮಗುವಾಗಿ ಮಲಗುತ್ತಿದ್ದದ್ದು. ಅದರ ಪಕ್ಕದಲ್ಲಿ, ಮಡಿಚಿದ ಚಾಪೆಯ ಮೇಲೆ, ಬನಿಯನ್ನು ಮತ್ತು ಲುಂಗಿಯಲ್ಲಿ, ಏಯಾಂಗ್ ಪ್ರವಿರೊ.

ನಾನು ಮೊದಲು ನೋಡಿದ್ದು ಅವರ ತಲೆಯನ್ನು. ಬೋಳು ತಲೆ. ರುಮಾಲಿಲ್ಲ. ಒಂದು ಗೀರೂ ಇರಲಿಲ್ಲ.

"ಬಾ, ಗೆಂದುಕ್," ಅಂದರು. ಪುಟ್ಟ ಹುಡುಗಿಯರನ್ನು ಕರೆಯುವ ಮಾತು. ಅಮ್ಮ ಹೋದ ಮೇಲೆ ನನ್ನನ್ನು ಹಾಗೆ ಕರೆದವರಿರಲಿಲ್ಲ. "ಹೇಗೆ ಕಂಡುಹಿಡಿದೆ?"

"ನೆಮ್."

ಮುದುಕ ಬೊಚ್ಚುಬಾಯಿ ತೆರೆದು ನಕ್ಕರು. "ಬಾಗಸ್ಕಾರನಿಗೆ ಹೇಳಿದ್ದೆ. ಪೆಂಡೊಪೊದ್ದೇ ಹಳೇ ಮುದ್ರಣ ಯಾವುದಾದ್ರೂ ಕೊ‌ಡೋ ಅಂತ. ಹೊಸದೇ ಬೇಕು, ಬದುಕಿದ್ದಂಗೆ ಇರ್ಬೇಕು ಅಂದ. ವಿದೇಶದಲ್ಲಿ ಇದ್ದು ಬಂದ ಹುಡುಗ. ಪೊಲೀಸ್ರಿಗೆ ಕಿವಿ ಇರಲ್ಲ ಅಂತ ನಂಬಿಬಿಟ್ಟಿದ್ದಾನೆ."

"ನೀವೇ ಹೇಳಿ ಮಾಡಿಸಿದ್ದಾ ಇದನ್ನ?"

"ರುಮಾಲು ಇಟ್ಟವನೂ ನಾನೇ."

ನಾನು ಮೆಟ್ಟಿಲ ಮೇಲೆ ಕೂತೆ. "ಜತ್ಮಿಕೊನ ಬೈಕಿನಲ್ಲಿ? ನಿಮ್ಮ ಕೈಯಾರೆ ಬೆಳೆಸಿದ ಹುಡುಗ, ಏಯಾಂಗ್. ಅವನ ಮೇಲೆ ಕೊಲೆ ಆರೋಪ ಬರ್ತಾ ಇದೆ."

"ಬರಲಿ. ನಾನು ಸತ್ತಿಲ್ಲವಲ್ಲ. ಶನಿವಾರ ಉತ್ಸವ ಮುಗಿಯುತ್ತೆ, ಪರದೇಶದವರು ಗಂಟುಮೂಟೆ ಕಟ್ಟುತ್ತಾರೆ. ಮಾರನೇ ದಿನ ನಾನೇ ನಡ್ಕೊಂಡು ಠಾಣೆಗೆ ಬರ್ತೀನಿ. ಅಲ್ಲಿವರೆಗೆ ಹುಡುಗ ನಿಮ್ಮ ಕಂಬಿ ಹಿಂದೆ ಇರಲಿ. ಏನೇ ಆದ್ರೂ ಬಾಯಿ ಬಿಡಬೇಡ ಅಂತ ಅವನಿಗೂ ಹೇಳಿದ್ದೀನಿ. ಈ ಊರಲ್ಲಿ ಬೀಗ ಹಾಕಿರೋ ಜಾಗ ಅದೊಂದೇ."

"ಯಾರ ಭಯಕ್ಕೆ ಬೀಗ?"

ಅವರು ಉತ್ತರ ಕೊಡುವ ಬದಲು ತಮ್ಮ ಎರಡೂ ಕೈ ಚಾಚಿ, ಹತ್ತೂ ಬೆರಳು ಅಗಲಿಸಿ, ನನ್ನ ಮುಂದೆ ಹಿಡಿದರು.

"ಸೋಮವಾರ ಒಬ್ಬ ಬಂದ. ಬತ್ತಿದ ಬಾವಿಯ ನಡುಭಾಗ ಬರೆಸು ಅಂದ. ಆಗಲ್ಲ ಅಂದೆ. ಆಗ ಅವನು ನನ್ನ ಮುಟ್ಟಲಿಲ್ಲ ಮಗಾ. ಜತ್ಮಿಕೊನ ಕೈಯನ್ನ ಮದ್ದಳೆ ಮೇಲೆ ಒತ್ತಿ ಹಿಡಿದು ಚೂರಿ ತೆಗೆದ. ನೀವು ಆಗಲ್ಲ ಅಂದ ಪ್ರತಿ ಸಲಕ್ಕೂ ಇವನದು ಒಂದು ಬೆರಳು ಅಂದ." ಅವರು ಬೆರಳುಗಳನ್ನು ಮಡಿಚಿಕೊಂಡರು. "ನಾನು ರುಮಾಲು ಕಿತ್ತು ಚೂರಿ ಮೇಲೆ ಎಸೆದೆ. ಹುಡುಗ ಅವನ ಕೈ ತಿರುಚಿದ. ರಕ್ತ ಬಂದಿದ್ದು ನಮ್ಮಿಬ್ಬರದೂ ಅಲ್ಲ."

"ಪಾಕ್ ವಿದಾಗ್ದೊ."

ಅಜ್ಜ ದೊಡ್ಡ ಗಂಟೆಯ ಅಂಚನ್ನು ಅಂಗೈಯಿಂದ ಒರೆಸಿದರು.

"ಯಾಕೆ ಬಂದು ದೂರು ಕೊಡಲಿಲ್ಲ?"

"ಯಾರಿಗೆ? ನಿಮ್ಮ ಸಾಹೇಬರಿಗೆ? ಉತ್ಸವದ ಉದ್ಘಾಟನೆ ದಿನ ಅವನ ಪಕ್ಕದಲ್ಲೇ ಕೂತು ಮೇಕೆ ಮೂಳೆ ಚೀಪ್ತಾ ಇದ್ರು."

ಅದೂ ನಿಜ. ನಾನೇ ಬಡಿಸಿದವರ ಸಾಲಿನಲ್ಲಿದ್ದೆ.

"ಆ ನಡುಭಾಗದಲ್ಲಿ ಅಂಥದ್ದೇನಿದೆ ಏಯಾಂಗ್? ಕೊಟ್ಟುಬಿಟ್ಟಿದ್ರೆ ಆಗ್ತಿರಲಿಲ್ವಾ?"

ಅವರು ಪಕ್ಕದ ಗೆಂಡೇರ್ ಕಡೆ ನೋಡಿದರು. "ಅದನ್ನ ನಮ್ಮ ಗುರುಗಳು ಸತ್ತವರಿಗೆ ಅಂತ ಮಾಡಿದ್ದು. ಹೆಸರು ಹೇಳಿ ಅಳೋಕೂ ಬಿಡದ ಒಂದು ಕಾಲದಲ್ಲಿ, ಕೊಲೆಯಾಗಿ ಒಂದು ಬಾವಿಗೆ ಬಿದ್ದವರಿಗೆ. ನಾವು ಅದನ್ನ ಆ ಬಾವಿ ಕಟ್ಟೆ ಹತ್ರ ಬಿಟ್ರೆ ಎಲ್ಲೂ ನುಡಿಸಿಲ್ಲ. ಚಪ್ಪಾಳೆ ಬೀಳೋ ಜಾಗದಲ್ಲಿ ನುಡಿಸೋಕೆ ಅಲ್ಲ ಅದು."

ನನ್ನ ಜೇಬಿನಲ್ಲಿ ಫೋನು ಅದುರಿತು. ಪ್ರಸೋಜೊ. ಗಾಳಿಯ ಸದ್ದಿನಲ್ಲಿ ಕೂಗುತ್ತಿದ್ದ, ಬೈಕಿನ ಮೇಲಿದ್ದ.

"ಬೂ! ನಾನು ಬರೋಷ್ಟರಲ್ಲಿ ಕರ್ಕೊಂಡು ಹೊರಟುಬಿಟ್ಟಿದ್ರು! ಬೇಗ ಸಾಗಿಸಿ ಅಂತ ಸಾಹೇಬ್ರಿಗೆ ಯಾರೋ ಫೋನ್ ಮಾಡಿದ್ರಂತೆ. ಇಲಾಖೆ ಗಾಡಿ ಕೆಟ್ಟಿದೆಯಂತೆ ಬೂ. ಉತ್ಸವದ ವ್ಯಾನು! ವಿದಾಗ್ದೊನೇ ಮುಂದೆ ಕೂತಿದ್ದಾರೆ! ನಾನು ಹಿಂದೆ ಬಿದ್ದಿದ್ದೀನಿ, ಆದ್ರೆ ಪೆಟ್ರೋಲು..."

ಮಾತು ಕಡಿಯಿತು.

ನಾನು ಎದ್ದು ನಿಂತೆ. ಕೆಳಗೆ ಬಾಗಿ ಅಜ್ಜನ ಎದುರು ಕೈ ಚಾಚಿದೆ.

"ಕೇಳಿದ್ರಲ್ಲ. ಜತ್ಮಿಕೊ ಈಗ ಕಂಬಿ ಹಿಂದೆ ಇಲ್ಲ. ಆ ಚೂರಿಯವನ ಗಾಡಿಯಲ್ಲಿದ್ದಾನೆ. ಏಳಿ ಏಯಾಂಗ್. ಕಾರು ಬಾಗಿಲಲ್ಲಿದೆ. ನೀವು ಬದುಕಿರೋದನ್ನ ರಸ್ತೆ ಮಧ್ಯೆ ನಿಂತು ನಾಲ್ಕು ಜನಕ್ಕೆ ತೋರಿಸಿದ್ರೆ ಸಾಕು, ಹುಡುಗನನ್ನ ಹಿಡಿದಿಡೋಕೆ ಯಾರಿಗೂ ಹಕ್ಕಿಲ್ಲ. ನಾನು ನಿಮ್ಮ ಪಕ್ಕದಲ್ಲಿರ್ತೀನಿ. ಇಬ್ಬರ ಕೈಗೂ ನಾನು ಜವಾಬ್ದಾರಿ."

ಮುದುಕ ನನ್ನ ಕೈ ನೋಡಿದರು. ಫೋನು ನೋಡಿದರು. ತುಟಿಯಂಚಿನಲ್ಲಿ ದುಃಖದ್ದೋ ತಿರಸ್ಕಾರದ್ದೋ ಒಂದು ಗೆರೆ ಮೂಡಿತು.

"ಎಷ್ಟು ಸರಿಯಾದ ಹೊತ್ತಿಗೆ ಬಂತು ನಿನ್ನ ಫೋನು," ಅಂದರು. "ತೊಗಲುಬೊಂಬೆ ಆಟದಲ್ಲಿ ದೂತ ಬರ್ತಾನಲ್ಲ, ಹಾಗೆ. ನಿನ್ನಮ್ಮ ಒಂದು ಸುಳ್ಳೂ ಆಡಿದವಳಲ್ಲ ಮಗಾ. ನಿನಗೆ ಸುಳ್ಳಾಡೋದನ್ನ ಈ ಕೆಲಸ ಕಲಿಸಿಬಿಟ್ಟಿದೆ."

"ಇದು ಆಟ ಅಲ್ಲ, ಏಯಾಂಗ್! ದೇವರಾಣೆ—"

"ನಾನು ಹೊರಗೆ ಬಂದ ಗಳಿಗೆ ಜತ್ಮಿಕೊನ ಬಿಡ್ತಾರೆ. ಬಿಟ್ಟ ಗಳಿಗೆ ಆ ಚೂರಿಯವನು ಹುಡುಗನ್ನ ಹಿಡೀತಾನೆ. ಅದಕ್ಕೇ ತಾನೇ ಅವನು ನಿನ್ನನ್ನ ಕಳಿಸಿದ್ದು?"

ಹೊರಗೆ ಮಸೀದಿಯ ಕರೆ ಶುರುವಾಯಿತು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು.

ಅವರು ಎರಡೂ ಕೈಗಳನ್ನು ಲುಂಗಿಯ ಮಡಿಕೆಯೊಳಗೆ ಬಚ್ಚಿಟ್ಟುಕೊಂಡು, ಗಂಟೆಗೆ ಬೆನ್ನು ಕೊಟ್ಟು, ಗೋಡೆಯ ಕಡೆ ತಿರುಗಿ ಕೂತರು.

"ಬರಲ್ಲ."